ಕಡಿಮೆ ಆಕ್ಟೇನ್ ಪೆಟ್ರೋಲಿನ ನಂತರ ಎಂಜಿನ್ ಕಂಪ್ಯೂಟರ್ ರೀಸೆಟ್

ಹೆಚ್ಚು ಆಕ್ಟೇನಿನ ಪೆಟ್ರೋಲಿಗೆಂದೇ ರೂಪಿಸಿದ ಟರ್ಬೊ ಕಾರಿಗೆ ಕಡಿಮೆ ಆಕ್ಟೇನಿನ ಪೆಟ್ರೋಲ್ ಬಿದ್ದಾಗ, ಅದರ ಎಂಜಿನ್ ಕಂಪ್ಯೂಟರು ಕಿಡಿ ಹಾರಿಸುವ ಹೊತ್ತನ್ನು ತಡಮಾಡಿ ಎಂಜಿನನ್ನು ಕಾಪಾಡುತ್ತದೆ. ಎಷ್ಟು ತಡಮಾಡಿದೆ, ಯಾವ ವೇಗದಲ್ಲಿ, ಎಷ್ಟು ಭಾರವಿದ್ದಾಗ ತಡಮಾಡಿದೆ ಎಂಬುದನ್ನು ತನ್ನ ನೆನಪಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಟ್ಯಾಂಕಿಗೆ ಮತ್ತೆ ಒಳ್ಳೆಯ ಪೆಟ್ರೋಲ್ ತುಂಬಿಸಿದ ಮೇಲೆ ಆ ಬರಹವನ್ನು ಅಳಿಸಿ, ಕಂಪ್ಯೂಟರು ಮೊದಲಿನಿಂದ ಕಲಿಯುವಂತೆ ಮಾಡುವ ಕ್ರಿಯೆಗೆ ರೀಸೆಟ್ ಎಂದು ಹೆಸರು. ಬ್ಯಾಟರಿಯ ತಂತಿ ಕಳಚುವಷ್ಟು ಸುಲಭವಾದ ಕೆಲಸ ಇದು. ಸುಲಭವಾದದ್ದರಿಂದಲೇ ಇದನ್ನು ಬೇಡದ ಕಡೆ, ಬೇಡದ ಹೊತ್ತಿನಲ್ಲಿ ಮಾಡುವವರೇ ಹೆಚ್ಚು. ರೀಸೆಟ್ ಪೆಟ್ರೋಲಿನ ಗುಣವನ್ನು ಬದಲಿಸುವುದಿಲ್ಲ; ಕಂಪ್ಯೂಟರು ಕಲಿತ ಎಚ್ಚರಿಕೆಯನ್ನು ಮಾತ್ರ ಅಳಿಸುತ್ತದೆ. ಈ ವಿಷಯದಲ್ಲಿ ತಿಳಿಯಬೇಕಾದ ಬಹುಪಾಲು ಸಂಗತಿಗಳು ಈ ಒಂದು ಮಾತಿನಿಂದಲೇ ಹೊರಡುತ್ತವೆ.

ಈ ಲೇಖನ ಮುಖ್ಯ ಉದಾಹರಣೆಯಾಗಿ ಅಮೆರಿಕದಲ್ಲಿ ಮಾರಾಟವಾದ ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಕಾರನ್ನು ತೆಗೆದುಕೊಂಡಿದೆ. ಅಲ್ಲಿ 2004ರ ಮಾದರಿಯಿಂದ 2021ರ ಮಾದರಿಯವರೆಗೆ ಮಾರಿದ ಈ ಕಾರಿನ ಇಜೆ257 ಎಂಜಿನ್ 2,457 ಸಿಸಿಯದು. ನಾಲ್ಕು ಸಿಲಿಂಡರುಗಳು ಎದುರುಬದುರಾಗಿ ಮಲಗಿರುತ್ತವೆ, ಮೇಲೊಂದು ಟರ್ಬೊ. 2004ರಲ್ಲಿ ಇದರ ಶಕ್ತಿ 300 ಅಶ್ವಶಕ್ತಿ. ಕಂಪ್ಯೂಟರಿನ ಒಳಗಿನ ಕಲಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಹವ್ಯಾಸಿಗಳೂ ಎಂಜಿನ್ ಪ್ರೋಗ್ರಾಮನ್ನು ಮಾರ್ಪಡಿಸುವ ಟ್ಯೂನರುಗಳೂ ಇಷ್ಟು ಬಿಡಿಸಿ ನೋಡಿರುವ ಕಾರುಗಳು ಕಡಿಮೆ. ಹಾಗಾಗಿ ವಿಷಯವನ್ನು ಅರಿಯಲು ಇದು ಒಳ್ಳೆಯ ದಾರಿ.

ನಾಕಿಂಗ್ ಮತ್ತು ಆಕ್ಟೇನ್

ಸಿಲಿಂಡರಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಒತ್ತಿದ ಮೇಲೆ ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಉರಿ ಹೊತ್ತಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹರಡಬೇಕು. ಉರಿ ಹರಡುತ್ತಾ ಹೋದಂತೆ, ಇನ್ನೂ ಉರಿಯದ ಮೂಲೆಯ ಮಿಶ್ರಣದ ಮೇಲೆ ಒತ್ತಡವೂ ಬಿಸಿಯೂ ಏರುತ್ತವೆ. ಉರಿ ತಲಪುವ ಮೊದಲೇ ಆ ಮೂಲೆಯ ಮಿಶ್ರಣ ತಾನಾಗಿ ಸಿಡಿದರೆ ಅದೇ ನಾಕಿಂಗ್. ಹಾಗೆ ಸಿಡಿದಾಗ ಎದ್ದ ಒತ್ತಡದ ಅಲೆಗಳು ಸಿಲಿಂಡರಿನ ಗೋಡೆಯಿಂದ ಗೋಡೆಗೆ ಬಡಿಯುತ್ತವೆ. ಹೊರಗಿನವರಿಗೆ ಅದು ಲೋಹಕ್ಕೆ ಲೋಹ ಕುಟ್ಟಿದ ಸದ್ದಿನಂತೆ ಕೇಳುತ್ತದೆ. ಲೋಹದ ಮೇಲ್ಮೈಯನ್ನು ಬಿಸಿಯಿಂದ ಕಾಯುವ ತೆಳು ಅನಿಲದ ಪದರ ಈ ಅಲೆಗಳಿಗೆ ಹರಿದುಹೋಗುತ್ತದೆ. ಆಗ ಪಿಸ್ಟನ್ ತಲೆ ಕಾಯ್ದು, ರಿಂಗುಗಳ ನಡುವಿನ ಅಂಚು ಒಡೆದು, ಎಂಜಿನ್ ಕೆಡುತ್ತದೆ. ಇಜೆ257ರಲ್ಲಿ ಪಿಸ್ಟನ್ನಿನ ಈ ಅಂಚು ಒಡೆಯುವುದು ಹೆಸರುವಾಸಿಯಾದ ದೌರ್ಬಲ್ಯ. ಆ ಕಾರಿನವರು ನಾಕಿಂಗಿಗೆ ಅಷ್ಟು ಅಂಜುವುದಕ್ಕೆ ಕಾರಣವೂ ಅದೇ.

ತಾನಾಗಿ ಸಿಡಿಯದಂತೆ ತಡೆದುಕೊಳ್ಳುವ ಪೆಟ್ರೋಲಿನ ಶಕ್ತಿಯ ಅಳತೆಯೇ ಆಕ್ಟೇನ್ ಸಂಖ್ಯೆ. ಐಸೋ-ಆಕ್ಟೇನಿಗೆ 100, ನಾರ್ಮಲ್ ಹೆಪ್ಟೇನಿಗೆ 0 ಎಂದು ಇಟ್ಟುಕೊಂಡು, ಸಂಕೋಚನವನ್ನು ಏರಿಸಿ ಇಳಿಸಬಲ್ಲ ವಿಶೇಷ ಒಂಟಿ ಸಿಲಿಂಡರಿನ ಎಂಜಿನಿನಲ್ಲಿ ಪೆಟ್ರೋಲನ್ನು ಉರಿಸಿ ಹೋಲಿಸುತ್ತಾರೆ. ಈ ಮಾನವನ್ನು 1920ರ ದಶಕದಲ್ಲಿ ರಸಾಯನ ವಿಜ್ಞಾನಿ ಗ್ರಹಾಂ ಎಡ್ಗರ್ ಸೂಚಿಸಿದ. ಅದಕ್ಕೂ ಮೊದಲೇ ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ನಾಕಿಂಗಿಗೂ ಪೆಟ್ರೋಲಿನ ಗುಣಕ್ಕೂ ಇರುವ ನಂಟನ್ನು ಎಂಜಿನ್ ಮೇಲೆಯೇ ಅಳೆದು ತೋರಿಸಿದ್ದ. ಅಮೆರಿಕದ ಥಾಮಸ್ ಮಿಜ್ಲಿ 1921ರ ಡಿಸೆಂಬರಿನಲ್ಲಿ, ಸೀಸದ ಒಂದು ಸಂಯುಕ್ತವನ್ನು ಬೆರೆಸಿದರೆ ನಾಕಿಂಗ್ ಅಡಗುತ್ತದೆಂದು ಕಂಡುಕೊಂಡ. ಆ ಸೀಸ ಜಗತ್ತಿನ ಗಾಳಿಯಲ್ಲಿ ಮಾಡಿದ ಹಾನಿ ದೊಡ್ಡದು. ಭಾರತದಲ್ಲಿ 2000ದ ಫೆಬ್ರುವರಿಯಲ್ಲಿ ಸೀಸದ ಪೆಟ್ರೋಲ್ ನಿಂತಿತು, ಕೊನೆಯ ದೇಶವಾದ ಅಲ್ಜೀರಿಯದಲ್ಲಿ 2021ರಲ್ಲಿ.

ಈಗ ಬಳಕೆಯಲ್ಲಿರುವ ಸಂಖ್ಯೆಗಳು ಮೂರು. ಪರೀಕ್ಷಾ ಎಂಜಿನನ್ನು ನಿಮಿಷಕ್ಕೆ 600 ಸುತ್ತಿನಲ್ಲಿ ಓಡಿಸಿ ಅಳೆದದ್ದು ಆರ್‌ಒಎನ್. 900 ಸುತ್ತಿನಲ್ಲಿ, ಒಳಹೋಗುವ ಮಿಶ್ರಣವನ್ನು ಹೆಚ್ಚು ಬಿಸಿಮಾಡಿ ಅಳೆದದ್ದು ಎಂಒಎನ್. ಇವೆರಡರ ಸರಾಸರಿ ಎಕೆಐ. ಭಾರತ, ಯುರೋಪು ಮತ್ತು ಜಪಾನಿನ ಬಂಕುಗಳಲ್ಲಿ ಆರ್‌ಒಎನ್ ಸಂಖ್ಯೆ. ಅಮೆರಿಕದ ಬಂಕುಗಳ ಹಳದಿ ಚೀಟಿಯಲ್ಲಿ ಎಕೆಐ ಸಂಖ್ಯೆ. ಒಂದೇ ಪೆಟ್ರೋಲಿನ ಆರ್‌ಒಎನ್ ಅದರ ಎಕೆಐಗಿಂತ ನಾಲ್ಕೈದು ಅಂಕ ಹೆಚ್ಚಿರುತ್ತದೆ. ಅಮೆರಿಕದ ಸಾಮಾನ್ಯ ಪೆಟ್ರೋಲ್ 87 ಎಂದರೆ ಸುಮಾರು 91 ಆರ್‌ಒಎನ್; ಅಲ್ಲಿನ 93 ಪ್ರೀಮಿಯಂ ಎಂದರೆ ಸುಮಾರು 98 ಆರ್‌ಒಎನ್. ಕನ್ನಡದ ಓದುಗರು ಎಡವುವುದು ಇಲ್ಲಿಯೇ. ಅಮೆರಿಕದ ಕೈಪಿಡಿಯಲ್ಲಿ ‘91 ಅಥವಾ ಅದಕ್ಕಿಂತ ಹೆಚ್ಚು’ ಎಂದು ಓದಿ, ನಮ್ಮ ಬಂಕಿನಲ್ಲೂ 91 ಕಂಡು ಸರಿ ಎಂದುಕೊಂಡರೆ ಲೆಕ್ಕ ತಪ್ಪಿತು. ಅಲ್ಲಿಯ 91ಕ್ಕೆ ನಮ್ಮ ಲೆಕ್ಕದಲ್ಲಿ 95ಕ್ಕಿಂತ ಕಡಿಮೆಯದು ಸಾಲದು. ಬಿಎಸ್-6 ನಿಯಮದಲ್ಲಿ ಸಾಮಾನ್ಯ ಪೆಟ್ರೋಲಿಗೆ ಇರುವ 91 ಆರ್‌ಒಎನ್ ಎಂಬ ಕನಿಷ್ಠ ಮಟ್ಟ ಅಮೆರಿಕದ 87ಕ್ಕೆ ಸಮ.

ಎತ್ತರದ ಊರುಗಳಲ್ಲಿ ಇನ್ನೊಂದು ಬಲೆ ಇದೆ. ಕೊಲರಾಡೊದಂಥ ಬೆಟ್ಟದ ರಾಜ್ಯಗಳ ಬಂಕುಗಳಲ್ಲಿ 85 ಎಕೆಐ ಪೆಟ್ರೋಲ್ ಮಾರುತ್ತಾರೆ. ಅಲ್ಲಿ ಗಾಳಿ ತೆಳುವಾದ್ದರಿಂದ ಟರ್ಬೊ ಇಲ್ಲದ ಹಳೆಯ ಎಂಜಿನುಗಳ ಸಿಲಿಂಡರಿನಲ್ಲಿ ಒತ್ತಡ ಕಡಿಮೆ. ಕಡಿಮೆ ಆಕ್ಟೇನ್ ಸಾಕಾಗುತ್ತಿತ್ತು. ಟರ್ಬೊ ಮಾತ್ರ ತೆಳು ಗಾಳಿಯನ್ನೂ ಒತ್ತಿ ತುಂಬಿ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿಬಿಡುತ್ತದೆ. ಬೆಟ್ಟದ ರಿಯಾಯಿತಿ ಅದಕ್ಕೆ ಸಲ್ಲುವುದಿಲ್ಲ.

ಕಂಪ್ಯೂಟರು ಕೇಳುವುದು ಹೇಗೆ

ಎಂಜಿನ್ ಬ್ಲಾಕಿಗೆ ಬೋಲ್ಟು ಹಾಕಿ ಬಿಗಿದ ನಾಕ್ ಸೆನ್ಸರ್ ಒಳಗೆ ಒತ್ತಿದರೆ ವಿದ್ಯುತ್ ಹೊಮ್ಮಿಸುವ ಹರಳು ಇರುತ್ತದೆ. ನಾಕಿಂಗಿನ ಅಲೆಗಳಿಗೆ ಸಿಲಿಂಡರಿನ ಅಗಲಕ್ಕೆ ತಕ್ಕ ಒಂದು ಸ್ವರವಿದೆ: ಅಗಲ ಹೆಚ್ಚಿದಷ್ಟೂ ಸ್ವರ ತಗ್ಗು. 86 ಮಿಲಿಮೀಟರ್ ಅಗಲದ ಸಿಲಿಂಡರಿನಲ್ಲಿ ಅದು ಸುಮಾರು 6.5 ಕಿಲೋಹರ್ಟ್ಸ್, ಎಸ್‌ಟಿಐಯ 99.5 ಮಿಲಿಮೀಟರಿನ ಅಗಲ ಸಿಲಿಂಡರಿನಲ್ಲಿ 5.6 ಕಿಲೋಹರ್ಟ್ಸಿನ ಆಸುಪಾಸು. ಕಂಪ್ಯೂಟರು ಆ ಸ್ವರವನ್ನು ಮಾತ್ರ ಸೋಸಿ, ಕಿಡಿ ಹಾರಿದ ಮೇಲಿನ ಸಣ್ಣ ಅವಧಿಯಲ್ಲಿ ಮಾತ್ರ ಕಿವಿಗೊಡುತ್ತದೆ. ಕ್ರ್ಯಾಂಕಿನ ಕೋನ ಗೊತ್ತಿರುವುದರಿಂದ ಸದ್ದು ಯಾವ ಸಿಲಿಂಡರಿನದು ಎಂದೂ ಹೇಳಬಲ್ಲದು.

ಇಂಥ ಸೆನ್ಸರನ್ನು ಮಾರಾಟದ ಕಾರುಗಳಿಗೆ ಮೊದಮೊದಲು ಹಾಕಿದವರಲ್ಲಿ ಬ್ಯುಯಿಕ್ ಒಂದು. 1978ರ ಅದರ ಟರ್ಬೊ ವಿ6 ಎಂಜಿನಿನಲ್ಲಿ ನಾಕಿಂಗ್ ಕೇಳಿ ಕಿಡಿಯನ್ನು ತಡಮಾಡುವ ಏರ್ಪಾಡಿತ್ತು. ಸ್ವೀಡನ್ನಿನ ಸಾಬ್ ಕಂಪನಿಯ ಪೆರ್ ಯಿಲ್‌ಬ್ರಾಂಡ್ 1980ರ ದಶಕದ ಆರಂಭದಲ್ಲಿ ತಂದ ಎಪಿಸಿ ವ್ಯವಸ್ಥೆ ನಾಕಿಂಗ್ ಕೇಳಿದೊಡನೆ ಟರ್ಬೊದ ಒತ್ತಡವನ್ನೇ ಇಳಿಸುತ್ತಿತ್ತು. ಬೇರೆ ಬೇರೆ ಆಕ್ಟೇನಿನ ಪೆಟ್ರೋಲಿನಲ್ಲಿ ಒಂದೇ ಕಾರು ಓಡಬಹುದು ಎಂಬ ಭರವಸೆ ಹುಟ್ಟಿದ್ದು ಅಲ್ಲಿಂದ. ಇಂದು ಈ ಬಗೆಯ ಕಂಪ್ಯೂಟರುಗಳ ಸಾಫ್ಟ್‌ವೇರ್ ಕೆಲಸ ಬೆಂಗಳೂರಿನಲ್ಲೂ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಆಡುಗೋಡಿಯಲ್ಲಿ ಮೈಕೋ ಎಂದು ನೆಲೆಯೂರಿದ ಬಾಷ್ ಸಂಸ್ಥೆಯ ಎಂಜಿನಿಯರುಗಳು ಅದರಲ್ಲಿದ್ದಾರೆ.

ಸುಬಾರು ಕಲಿಯುವ ಮೂರು ಬಗೆ

ಸುಬಾರುವಿನ ಕಂಪ್ಯೂಟರಿನಲ್ಲಿ ಕಿಡಿಯ ಹೊತ್ತು ಕೆಲವು ಅಂಕಿಗಳ ಮೊತ್ತ. ಮೊದಲನೆಯದು ಮೂಲ ಕೋನ: ತೀರ ಕೆಟ್ಟ ಪೆಟ್ರೋಲಿಗೂ ಬಹುಮಟ್ಟಿಗೆ ತಾಳುವಂಥದ್ದು. ಅದರ ಮೇಲೆ ಹೆಚ್ಚುವರಿ ಮುಂಗಡ: ಒಳ್ಳೆಯ ಪೆಟ್ರೋಲ್ ಇದ್ದರೆ ಕೊಡಬಹುದಾದ ಡಿಗ್ರಿಗಳು. ಈ ಹೆಚ್ಚುವರಿಯಲ್ಲಿ ಎಷ್ಟು ಪಾಲು ಕೊಡಬೇಕೆಂದು ತೀರ್ಮಾನಿಸುವ ಗುಣಕಕ್ಕೆ ಟ್ಯೂನರುಗಳು ಐಎಎಂ ಎನ್ನುತ್ತಾರೆ. 2015ರ ಡಬ್ಲ್ಯುಆರ್‌ಎಕ್ಸ್‌ನಿಂದೀಚಿನ ಎಫ್‌ಎ20 ಎಂಜಿನಿನಲ್ಲಿ ಇದೇ ಕೆಲಸ ಮಾಡುವುದನ್ನು ಡಿಎಎಂ ಎನ್ನುತ್ತಾರೆ. ಹಳೆಯ ಕಂಪ್ಯೂಟರುಗಳಲ್ಲಿ ಅದು 0ಯಿಂದ 16ರವರೆಗೆ, ಹೊಸವುಗಳಲ್ಲಿ 0ಯಿಂದ 1ರವರೆಗೆ. ಪೂರ್ಣ 1 ಇದ್ದರೆ ಕಂಪ್ಯೂಟರಿಗೆ ಪೆಟ್ರೋಲಿನ ಮೇಲೆ ಪೂರ್ತಿ ನಂಬಿಕೆ ಇದೆ ಎಂದರ್ಥ.

ಕಲಿಯುವ ಬಗೆಗಳಲ್ಲಿ ಮೊದಲನೆಯದು, ನಾಕಿಂಗ್ ಕೇಳಿದ ಆ ಕ್ಷಣದಲ್ಲಿ ನಡೆಯುವ ತಕ್ಷಣದ ತಿದ್ದುಪಡಿ. ಒಂದೆರಡು ಡಿಗ್ರಿ ಹಿಂದೆ ಸರಿಸಿ, ಮತ್ತೆ ಸದ್ದಿಲ್ಲದಿದ್ದರೆ ಮೆಲ್ಲಗೆ ಹಿಂದಿರುಗಿಸುತ್ತದೆ. ಇದು ನೆನಪಿನಲ್ಲಿ ಉಳಿಯುವುದಿಲ್ಲ, ರೀಸೆಟ್ ಮಾಡುವ ಅಗತ್ಯವೂ ಇಲ್ಲ.

ಎರಡನೆಯದು ಸೂಕ್ಷ್ಮ ಕಲಿಕೆ, ಮತ್ತು ಇಡೀ ರೀಸೆಟ್ ಪ್ರಶ್ನೆಯ ತಿರುಳು ಇರುವುದು ಇದರಲ್ಲಿಯೇ. ಒಂದು ಕಡೆ ಆರ್‌ಪಿಎಂ, ಇನ್ನೊಂದು ಕಡೆ ಎಂಜಿನ್ ಮೇಲಿನ ಭಾರ ಇರುವ ಕೋಷ್ಟಕವೊಂದು ಕಂಪ್ಯೂಟರಿನಲ್ಲಿದೆ. ಯಾವ ಮನೆಯಲ್ಲಿ ನಾಕಿಂಗ್ ಕೇಳಿತೋ ಆ ಮನೆಯಲ್ಲಿ ಇಷ್ಟು ಡಿಗ್ರಿ ಕಡಿತ ಎಂದು ಬರೆಯುತ್ತದೆ. ಮುಂದೆ ಅದೇ ಆರ್‌ಪಿಎಂ, ಅದೇ ಭಾರ ಬಂದಾಗ, ಸದ್ದು ಬರಲಿ ಬಿಡಲಿ, ಆ ಕಡಿತ ಮುಂಚಿತವಾಗಿಯೇ ಅನ್ವಯವಾಗುತ್ತದೆ. ಕಾರು ಮತ್ತೆ ಆ ಮನೆಯಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲದೆ ಓಡಿದರೆ ಮಾತ್ರ ಕಡಿತ ಕರಗುತ್ತದೆ. ದಿನವೂ ಕಚೇರಿಗೆ ಹೋಗಿ ಬರುವ ದಾರಿಯಲ್ಲಿ ಕಡಿಮೆ ಭಾರದ ಮನೆಗಳು ಗಂಟೆಗೆ ಹತ್ತಾರು ಬಾರಿ ಬರುತ್ತವೆ. ಅಲ್ಲಿಯ ತಪ್ಪು ಬರಹ ಬೇಗ ಅಳಿಯುತ್ತದೆ. 5,000 ಆರ್‌ಪಿಎಂನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತುವ ಮನೆಗೆ ಕಾರು ತಿಂಗಳಿಗೊಮ್ಮೆ ಹೋದರೂ ಹೆಚ್ಚು. ಅಲ್ಲಿ ಬರೆದ ಕಡಿತ, ಕೆಟ್ಟ ಪೆಟ್ರೋಲ್ ಮುಗಿದು ಬಹಳ ದಿನವಾದರೂ ಹಾಗೆಯೇ ಕೂತಿರುತ್ತದೆ. ರೀಸೆಟ್ಟಿಗೆ ಇರುವ ಪ್ರಾಮಾಣಿಕ ಸಮರ್ಥನೆ ಇದೊಂದೇ.

ಮೂರನೆಯದು ಒರಟು ಕಲಿಕೆ. ಹಲವು ಮನೆಗಳಲ್ಲಿ ಅಥವಾ ತೀವ್ರವಾಗಿ ನಾಕಿಂಗ್ ಕಂಡಾಗ ಕಂಪ್ಯೂಟರು ಒಂದೊಂದು ಮನೆಯನ್ನು ತಿದ್ದುವುದನ್ನು ಬಿಟ್ಟು ಗುಣಕವನ್ನೇ ಕೆಳಗಿಳಿಸುತ್ತದೆ. ಎಲ್ಲ ಮನೆಗಳಲ್ಲೂ ಒಮ್ಮೆಗೇ ಕಿಡಿ ತಡವಾಗುತ್ತದೆ. ಗುಣಕ ಒಂದು ಮಿತಿಗಿಂತ ಕೆಳಗೆ ಬಿದ್ದರೆ ಹಲವು ಮಾದರಿಗಳಲ್ಲಿ ಟರ್ಬೊದ ಒತ್ತಡ ಹತೋಟಿಯನ್ನೂ ಕಂಪ್ಯೂಟರು ಕೈಬಿಟ್ಟು ಕನಿಷ್ಠ ಒತ್ತಡಕ್ಕೆ ಇಳಿಯುತ್ತದೆ, ಮಿಶ್ರಣಕ್ಕೆ ಹೆಚ್ಚು ಪೆಟ್ರೋಲ್ ಸೇರಿಸಿ ಸಿಲಿಂಡರನ್ನು ತಂಪಿಡುತ್ತದೆ. ಚಾಲಕರು ‘ಗಾಡಿ ಎಳೀತಾನೇ ಇಲ್ಲ, ಪಿಕಪ್ ಹೋಯ್ತು’ ಎನ್ನುವ ಸ್ಥಿತಿ ಇದು. ಕಾರು ಕೆಟ್ಟಿಲ್ಲ, ತನ್ನನ್ನು ತಾನು ಕಾಯ್ದುಕೊಳ್ಳುತ್ತಿದೆ.

ಬೇರೆ ಕಂಪನಿಗಳ ಪದ್ಧತಿ

ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ ಕಾರುಗಳಲ್ಲಿ ಕಿಡಿಯ ಕೋಷ್ಟಕಗಳೇ ಎರಡು: ಹೆಚ್ಚು ಆಕ್ಟೇನಿನದು, ಕಡಿಮೆ ಆಕ್ಟೇನಿನದು. 0ಯಿಂದ 255ರವರೆಗಿನ ಒಂದು ಆಕ್ಟೇನ್ ಅಂಕಿ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂದು ಹೇಳುತ್ತದೆ. ಜನರಲ್ ಮೋಟಾರ್ಸ್‌ನ ವಿ8 ಎಂಜಿನುಗಳಲ್ಲೂ ಇಂಥ ಎರಡು ಕೋಷ್ಟಕಗಳ ಕ್ರಮವಿದೆ. ಫೋರ್ಡಿನ ಇಕೋಬೂಸ್ಟ್ ಎಂಜಿನುಗಳಲ್ಲಿ −1ರಿಂದ +1ರವರೆಗೆ ಸರಿಯುವ ಒಂದು ಅನುಪಾತ. ಅಲ್ಲಿ −1 ಎಂದರೆ ಒಳ್ಳೆಯ ಪೆಟ್ರೋಲ್. ಸುಬಾರುವಿನ ಅಂಕಿಗೆ ಒಗ್ಗಿದವರು ಫೋರ್ಡಿನ −1 ಕಂಡು ಗಾಬರಿಯಾಗುವುದುಂಟು.

ಮಜ್ದಾ ಇದನ್ನು ಮುಚ್ಚಿಡದೆ ಮಾರಾಟದ ಪತ್ರದಲ್ಲೇ ಹೇಳಿತು. ಅಮೆರಿಕದಲ್ಲಿ 2016ರ ಸಿಎಕ್ಸ್-9 ಕಾರಿನ 2.5 ಲೀಟರ್ ಟರ್ಬೊ ಎಂಜಿನಿಗೆ 93 ಎಕೆಐ ಪೆಟ್ರೋಲಿನಲ್ಲಿ 250 ಅಶ್ವಶಕ್ತಿ, 87ರಲ್ಲಿ 227. ಎರಡೂ ಅಧಿಕೃತ ಅಂಕಿಗಳೇ. ಇಂಥ ಕಾರಿಗೆ 87 ಹಾಕುವುದು ತಪ್ಪಲ್ಲ, ಆಯ್ಕೆ. ಎಸ್‌ಟಿಐಯಲ್ಲಿ ಹಾಗಿಲ್ಲ, ಅದರ ಕೈಪಿಡಿ ಕೇಳುವುದು ಪ್ರೀಮಿಯಂ ಪೆಟ್ರೋಲನ್ನೇ. ‘ಶಿಫಾರಸು’ ಮತ್ತು ‘ಕಡ್ಡಾಯ’ ಎಂಬ ಎರಡು ಮಾತುಗಳಲ್ಲಿ ತಮ್ಮ ಕಾರಿಗೆ ಯಾವುದು ಅನ್ವಯ ಎಂದು ತಿಳಿಯದೆ ರೀಸೆಟ್ಟಿನ ಮಾತೇ ಬೇಡ.

ಜಪಾನಿನಿಂದ ಬೇರೆ ದೇಶಗಳಿಗೆ ಹೋದ ಬಳಸಿದ ಸುಬಾರುಗಳದು ಇನ್ನೊಂದು ಕಥೆ. ಜಪಾನಿನಲ್ಲಿ ಪ್ರೀಮಿಯಂ ಪೆಟ್ರೋಲಿಗೆ ನಿಯಮದ ಪ್ರಕಾರ ಕನಿಷ್ಠ 96 ಆರ್‌ಒಎನ್, ಬಂಕಿನಲ್ಲಿ ಮಾರುವುದು ಸಾಮಾನ್ಯವಾಗಿ 100ರ ಮಟ್ಟದ್ದು. ಆ ಪೆಟ್ರೋಲಿಗೆ ಹೊಂದಿಸಿದ ಕಾರುಗಳು ಬ್ರಿಟನ್ನಿಗೆ ಬಂದು 95ರಲ್ಲಿ ಓಡಿದಾಗ ಎಂಜಿನುಗಳು ಕೆಟ್ಟವು. ಕಂಪ್ಯೂಟರಿನ ಕಲಿಕೆಗೂ ಒಂದು ಎಲ್ಲೆ ಇದೆ. ಅದು ತಿದ್ದಬಲ್ಲ ಡಿಗ್ರಿಗಳಿಗಿಂತ ಪೆಟ್ರೋಲಿನ ಕೊರತೆ ದೊಡ್ಡದಾದರೆ ಎಷ್ಟು ಎಚ್ಚರದ ಸೆನ್ಸರೂ ಪಿಸ್ಟನ್ ಉಳಿಸಲಾರದು.

ತಪ್ಪಾಗಿ ಹಾಕಿಸಿದ ದಿನ

ಬಂಕಿನಲ್ಲಿ ತಪ್ಪು ಪೈಪ್ ಹಿಡಿದದ್ದು ಗೊತ್ತಾದರೆ ಟ್ಯಾಂಕ್ ಖಾಲಿ ಮಾಡಿಸಬೇಕಾದ ಸಂದರ್ಭ ಅಪರೂಪ. ಮೂಲ ಪ್ರೋಗ್ರಾಮಿನಲ್ಲೇ ಇರುವ ಕಾರಿನಲ್ಲಿ ಮೆಲ್ಲಗೆ ಓಡಿಸಿದರೆ ಸಾಕು. ಮೆಲ್ಲಗೆ ಎಂದರೆ ವೇಗ ಕಡಿಮೆ ಎಂದಷ್ಟೇ ಅಲ್ಲ. ಎತ್ತರದ ಗೇರಿನಲ್ಲಿ 2,000 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಒತ್ತಿ ಏರು ಹತ್ತಿಸುವುದು, 4,000 ಆರ್‌ಪಿಎಂನಲ್ಲಿ ಹಗುರವಾಗಿ ಓಡಿಸುವುದಕ್ಕಿಂತ ಎಂಜಿನಿಗೆ ಕೆಟ್ಟದ್ದು. ಒಂದು ಗೇರ್ ಇಳಿಸಿ, ಟರ್ಬೊ ತುಂಬಿಕೊಳ್ಳದಂತೆ ಪಾದವನ್ನು ಹಗುರ ಮಾಡಬೇಕು. ಬಿಸಿಲಿನಲ್ಲಿ ಟ್ರಾಫಿಕ್ಕಿನಲ್ಲಿ ನಿಂತು, ಹಿಂದೆಯೇ ಜೋರಾಗಿ ಎಳೆಯುವುದೂ ಬೇಡ. ಆಗ ಒಳಹೋಗುವ ಗಾಳಿ ಬಿಸಿಯಾಗಿ ನಾಕಿಂಗಿಗೆ ದಾರಿ ಮಾಡುತ್ತದೆ.

ಆಮೇಲೆ ಲೆಕ್ಕ. ಎಸ್‌ಟಿಐಯ ಟ್ಯಾಂಕು 60 ಲೀಟರಿನದು. ಅದರಲ್ಲಿ 87 ಎಕೆಐಯ 20 ಲೀಟರ್ ಇದ್ದು, ಮೇಲೆ 93ರ 40 ಲೀಟರ್ ತುಂಬಿಸಿದರೆ ಮಿಶ್ರಣ ಸುಮಾರು 91. ಕೈಪಿಡಿಯ ಕನಿಷ್ಠ ಮಟ್ಟಕ್ಕೆ ಬಂದಂತಾಯಿತು. ಅರ್ಧ ಟ್ಯಾಂಕು 87 ಇದ್ದರೆ ಮೇಲಿನ ಅರ್ಧಕ್ಕೆ 93 ಹಾಕಿದರೂ 90ಕ್ಕೇ ನಿಲ್ಲುತ್ತದೆ. ಆಗ ಇನ್ನಷ್ಟು ಓಡಿಸಿ ಮತ್ತೊಮ್ಮೆ ತುಂಬಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ 93 ಸಿಗುವುದೇ ಕಷ್ಟ, ಪ್ರೀಮಿಯಂ ಎಂದರೆ 91. ಅಲ್ಲಿ ಬೆರೆಸಿ ಸರಿಪಡಿಸಲು ಇನ್ನೂ ಹೆಚ್ಚು ಹೊತ್ತು ಬೇಕು.

ಅಂಗಡಿಯಲ್ಲಿ ಸಿಗುವ ಆಕ್ಟೇನ್ ಬೂಸ್ಟರ್ ಬಾಟಲಿಗಳ ಮೇಲೆ ‘3 ಪಾಯಿಂಟ್ ಏರಿಕೆ’ ಎಂದು ಬರೆದಿದ್ದರೆ ಅದನ್ನು 3 ಆಕ್ಟೇನ್ ಎಂದು ಓದಬಾರದು. ಆ ವ್ಯಾಪಾರದಲ್ಲಿ ಒಂದು ಪಾಯಿಂಟ್ ಎಂದರೆ ಬಹಳ ವೇಳೆ 0.1 ಆಕ್ಟೇನ್. ಜೊತೆಗೆ ಮ್ಯಾಂಗನೀಸಿನ ಸಂಯುಕ್ತವಿರುವ ಬೂಸ್ಟರುಗಳು ಸ್ಪಾರ್ಕ್ ಪ್ಲಗ್ಗಿನ ಮೇಲೆ ಕೆಂಪು ಪುಡಿಯ ಪದರ ಬಿಡುತ್ತವೆ. ಒಂದು ಟ್ಯಾಂಕು ಒಳ್ಳೆಯ ಪೆಟ್ರೋಲ್ ಅವುಗಳಿಗಿಂತ ಎಷ್ಟೋ ಮೇಲು.

ಟ್ಯೂನ್ ಮಾಡಿಸಿದ ಕಾರುಗಳ ಲೆಕ್ಕವೇ ಬೇರೆ. ಮೂಲ ಪ್ರೋಗ್ರಾಮಿನಲ್ಲಿ ಕಂಪನಿ ಬಿಟ್ಟಿದ್ದ ಮೀಸಲನ್ನು ಟ್ಯೂನರು ಶಕ್ತಿಗಾಗಿ ಬಳಸಿಬಿಟ್ಟಿರುತ್ತಾನೆ. ಅಮೆರಿಕದ ಕಾಬ್ ಟ್ಯೂನಿಂಗ್ ಸಂಸ್ಥೆ ಒಂದೇ ಕಾರಿಗೆ 93ಕ್ಕೊಂದು, 91ಕ್ಕೊಂದು ಪ್ರೋಗ್ರಾಂ ಕೊಡುತ್ತದೆ. ಅರಿಜೋನ, ಕ್ಯಾಲಿಫೋರ್ನಿಯಾ, ನೆವಾಡದ 91ಕ್ಕೆ ಎಸಿಎನ್91 ಎಂಬ ಪ್ರತ್ಯೇಕ ಪ್ರೋಗ್ರಾಮೇ ಇದೆ. 93ರ ಪ್ರೋಗ್ರಾಮಿನಲ್ಲಿರುವ ಕಾರಿಗೆ 87 ಬಿದ್ದರೆ ಮೊದಲು ಕಡಿಮೆ ಆಕ್ಟೇನಿನ ಪ್ರೋಗ್ರಾಮಿಗೆ ಬದಲಿಸಬೇಕು. ಅದು ಕೈಯಲ್ಲಿಲ್ಲದಿದ್ದರೆ ಟ್ಯಾಂಕ್ ಖಾಲಿ ಮಾಡಿಸುವ ಖರ್ಚು ಎಂಜಿನ್ ಬಿಚ್ಚಿಸುವುದಕ್ಕಿಂತ ಕಡಿಮೆ.

ರೀಸೆಟ್ ಮಾಡುವ ಬಗೆ

ಮೊದಲು ಓದಬೇಕು, ಆಮೇಲೆ ಅಳಿಸಬೇಕು. ಕಾರಿನ ದೋಷ ತಪಾಸಣೆಗೆಂದು ಇರುವ ಓಬಿಡಿ ಪೋರ್ಟಿಗೆ ಜೋಡಿಸುವ ಆಕ್ಸೆಸ್‌ಪೋರ್ಟಿನಂಥ ಸಾಧನದಿಂದ ಅಥವಾ ರಾಮ್‌ರೈಡರ್ ಎಂಬ ಉಚಿತ ತಂತ್ರಾಂಶದಿಂದ ಸುಬಾರುವಿನ ಗುಣಕವನ್ನೂ ಮನೆಮನೆಯ ಕಡಿತವನ್ನೂ ನೋಡಬಹುದು. ಗುಣಕ 1ರಲ್ಲೇ ಇದ್ದು, ಎಲ್ಲೋ ಒಂದೆರಡು ಮನೆಯಲ್ಲಿ ಒಂದು ಡಿಗ್ರಿ ಕಡಿತವಿದ್ದರೆ ಬಿಟ್ಟುಬಿಡಿ. ಓಡುತ್ತಾ ಓಡುತ್ತಾ ತಾನೇ ಸರಿಹೋಗುತ್ತದೆ. ಒಳ್ಳೆಯ ಪೆಟ್ರೋಲಿನಲ್ಲಿ ಒಂದು ಟ್ಯಾಂಕು ಮುಗಿದ ಮೇಲೂ ಗುಣಕ ಏರದಿದ್ದರೆ, ಅಥವಾ ಹೆಚ್ಚು ಭಾರದ ಮನೆಗಳಲ್ಲಿ ಕಡಿತ ಹಾಗೇ ಉಳಿದಿದ್ದರೆ ಆಗ ರೀಸೆಟ್ ಮಾಡಬಹುದು. ಓದಿದ ಅಂಕಿಗಳನ್ನು ಬರೆದಿಟ್ಟುಕೊಂಡರೆ, ಮುಂದೆ ಅದೇ ಮನೆಯಲ್ಲಿ ಮತ್ತೆ ಕಡಿತ ಬಂದಾಗ ದೋಷ ಪೆಟ್ರೋಲಿನದಲ್ಲ ಎಂದು ಗೊತ್ತಾಗುತ್ತದೆ.

ಹಳೆಯ ಎಸ್‌ಟಿಐಯಲ್ಲಿ ಕಲಿತದ್ದೆಲ್ಲ ಬ್ಯಾಟರಿಯ ಬಲದಿಂದ ಉಳಿಯುವ ನೆನಪಿನಲ್ಲಿರುತ್ತದೆ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಬ್ರೇಕ್ ಒತ್ತಿ ಉಳಿದ ವಿದ್ಯುತ್ತನ್ನು ಇಳಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಜೋಡಿಸಿದರೆ ಆಯಿತು. ಡೀಲರ್ ಬಳಿ ಇರುವ ಸುಬಾರು ಸೆಲೆಕ್ಟ್ ಮಾನಿಟರ್ ಅಥವಾ ಟ್ಯೂನಿಂಗ್ ಸಾಧನದ ರೀಸೆಟ್ ಆಯ್ಕೆ ಇನ್ನೂ ಅಚ್ಚುಕಟ್ಟು, ಎಂಜಿನ್ ಕಂಪ್ಯೂಟರಿನ ಆಚೆಗಿನ ಯಾವ ನೆನಪನ್ನೂ ಕೆಡಿಸದು. ಈಚಿನ ಅನೇಕ ಕಾರುಗಳಲ್ಲಿ ಕಲಿಕೆ ವಿದ್ಯುತ್ತಿಲ್ಲದೆಯೂ ಉಳಿಯುವ ಚಿಪ್ಪಿನಲ್ಲಿರುತ್ತದೆ. ಅಲ್ಲಿ ಬ್ಯಾಟರಿ ಕಳಚಿದರೆ ಗಡಿಯಾರ, ರೇಡಿಯೊ ಕೋಡ್, ಕಿಟಕಿಯ ಒಂದೇ ಒತ್ತಿನ ವ್ಯವಸ್ಥೆ ಕೆಡುವುದೇ ಹೊರತು ಕಿಡಿಯ ಕಡಿತ ಅಳಿಯುವುದಿಲ್ಲ. ಅಂಥವಕ್ಕೆ ಸ್ಕ್ಯಾನರಿನಲ್ಲಿ ಕಲಿತ ಮೌಲ್ಯಗಳನ್ನು ಅಳಿಸುವ ಪ್ರತ್ಯೇಕ ಆಜ್ಞೆಯೇ ಬೇಕು.

ರೀಸೆಟ್ ಅಳಿಸುವುದು ನಾಕಿಂಗಿನ ಕಲಿಕೆಯನ್ನು ಮಾತ್ರವಲ್ಲ. ಗಾಳಿ-ಪೆಟ್ರೋಲ್ ಮಿಶ್ರಣದ ತಿದ್ದುಪಡಿಗಳು, ಐಡಲ್ ಹಿಡಿತ, ಹೊಗೆ ತಪಾಸಣೆಯ ಸಿದ್ಧತಾ ಗುರುತುಗಳು ಎಲ್ಲವೂ ಹೋಗುತ್ತವೆ. 1996ರಿಂದ ಅಮೆರಿಕದ ಕಾರುಗಳಿಗೆ ಕಡ್ಡಾಯವಾದ ಓಬಿಡಿ-2ರಲ್ಲಿ ಈ ಗುರುತುಗಳು ಮತ್ತೆ ಬಹುಮಟ್ಟಿಗೆ ಪೂರ್ತಿಯಾಗುವವರೆಗೆ ಕ್ಯಾಲಿಫೋರ್ನಿಯಾದ ಸ್ಮಾಗ್ ತಪಾಸಣೆಯಲ್ಲಿ ಕಾರು ಪಾಸಾಗದು. ತಪಾಸಣೆಯ ಹಿಂದಿನ ದಿನ ಬ್ಯಾಟರಿ ಕಳಚುವುದು ಅದಕ್ಕೇ ವ್ಯರ್ಥ. 2010ರಿಂದೀಚಿನ ಮಾದರಿಗಳಲ್ಲಿ ಶಾಶ್ವತ ದೋಷಸಂಕೇತಗಳೂ ಬಂದಿವೆ. ರೀಸೆಟ್ ಅವನ್ನು ಮುಟ್ಟಲಾರದು, ದೋಷ ನಿಜವಾಗಿ ಸರಿಹೋದುದನ್ನು ಕಂಪ್ಯೂಟರು ತಾನೇ ಕಂಡಮೇಲೆ ಮಾತ್ರ ಅಳಿಯುತ್ತವೆ.

ರೀಸೆಟ್ ಆದಮೇಲೆ

ರೀಸೆಟ್ ಮಾಡಿದೊಡನೆ ಕಾರು ಹಾರಿಹೋಗುತ್ತದೆ ಎಂಬ ನಂಬಿಕೆ ಎಲ್ಲ ಕಾರಿಗೂ ನಿಜವಲ್ಲ. ಇಜೆ ಎಂಜಿನಿನ ಅನೇಕ ಕಂಪ್ಯೂಟರುಗಳಲ್ಲಿ ಗುಣಕ 1ರಿಂದಲ್ಲ, 0.5ರಿಂದ ಶುರುವಾಗುತ್ತದೆ. ಅಂದರೆ ಚೆನ್ನಾಗಿದ್ದ ಕಾರನ್ನು ರೀಸೆಟ್ ಮಾಡಿದರೆ ಮೊದಲ ಕೆಲವು ಕಿಲೋಮೀಟರ್ ಅದು ಮುಂಚಿಗಿಂತ ಮಂದ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಮಧ್ಯಮ ಭಾರದಲ್ಲಿ ಸದ್ದಿಲ್ಲದೆ ಓಡಿದರೆ ಗುಣಕ ಮೆಟ್ಟಿಲು ಮೆಟ್ಟಿಲಾಗಿ 1ಕ್ಕೆ ಏರುತ್ತದೆ. ಪೂರ್ತಿ ಮುಂಗಡದಿಂದಲೇ ಶುರುಮಾಡುವ ಪ್ರೋಗ್ರಾಮುಗಳೂ ಇವೆ. ಕಡಿಮೆ ಆಕ್ಟೇನ್ ಇನ್ನೂ ಟ್ಯಾಂಕಿನಲ್ಲಿರುವಾಗ ಅಪಾಯ ಹೆಚ್ಚುವುದು ಅಂಥ ಕಾರಿನಲ್ಲಿ. ಕಲಿತ ಎಚ್ಚರಿಕೆ ಅಳಿದುಹೋಗಿರುತ್ತದೆ, ಪೆಟ್ರೋಲ್ ಅದೇ ಇರುತ್ತದೆ. ಕಂಪ್ಯೂಟರು ಮತ್ತೆ ನಾಕಿಂಗ್ ಆಗಗೊಟ್ಟೇ ಕಲಿಯಬೇಕು. ಹಿಂದೆ ಬಿದ್ದ ಏಟನ್ನು ಪಿಸ್ಟನ್ ಮತ್ತೊಮ್ಮೆ ತಿನ್ನಬೇಕು. ಈ ಕಾರಣಕ್ಕೆ ‘ಪಿಕಪ್ ಕಡಿಮೆಯಾಗಿದೆ, ಬ್ಯಾಟರಿ ಕಳಚಿ ಹಾಕಿ’ ಎಂಬ ಸಲಹೆಯನ್ನು, ಟ್ಯಾಂಕಿನಲ್ಲಿ ಏನಿದೆ ಎಂದು ಕೇಳದೆ ಕೊಡುವುದು ತಪ್ಪು.

ಸರಿಯಾದ ಕ್ರಮ ಹೀಗೆ: ಸ್ಟಾರ್ಟ್ ಮಾಡಿ ಕೆಲವು ನಿಮಿಷ ಐಡಲ್‌ನಲ್ಲಿ ಬಿಡಿ, ಎಂಜಿನ್ ಬಿಸಿಯಾಗಲಿ. ಬಳಿಕ ಖಾಲಿ ರಸ್ತೆಯಲ್ಲಿ ಮೂರನೆಯ ಮತ್ತು ನಾಲ್ಕನೆಯ ಗೇರಿನಲ್ಲಿ, 2,000ದಿಂದ 4,000 ಆರ್‌ಪಿಎಂ ನಡುವೆ, ಹದವಾಗಿ ಎಳೆಯುತ್ತಾ ಬಿಡುತ್ತಾ ಓಡಿಸಿ. ಗುಣಕ 1 ಮುಟ್ಟಿ ಅಲ್ಲೇ ನಿಂತದ್ದನ್ನು ಕಂಡಮೇಲೆಯೇ ಪೂರ್ತಿ ಆಕ್ಸಿಲರೇಟರ್.

ಗುಣಕ ಮತ್ತೆ ಬಿದ್ದರೆ ಪೆಟ್ರೋಲನ್ನು ಬೈಯುವುದನ್ನು ಬಿಟ್ಟು ಬೇರೆ ಕಡೆ ನೋಡಬೇಕು. ಸಡಿಲಗೊಂಡ ಎಗ್ಸಾಸ್ಟಿನ ತಗಡು, ಗಟ್ಟಿ ರಬ್ಬರಿನ ಎಂಜಿನ್ ಮೌಂಟು, ತಣ್ಣಗಿದ್ದಾಗ ಬಡಿಯುವ ಪಿಸ್ಟನ್ ಇವೆಲ್ಲ ನಾಕಿಂಗಿನ ಸ್ವರದಲ್ಲಿಯೇ ಸದ್ದು ಮಾಡಿ ಸೆನ್ಸರನ್ನು ಮೋಸಗೊಳಿಸುತ್ತವೆ. ಸೆನ್ಸರಿನ ಬೋಲ್ಟಿನ ಬಿಗಿತವೂ ಮುಖ್ಯ. ಸಾಮಾನ್ಯವಾಗಿ 20 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿ ಬಿಗಿಯಬೇಕಾದ ಅದನ್ನು ಅಂದಾಜಿಗೆ ತಿರುವಿದರೆ ಕೇಳುವ ಶಕ್ತಿಯೇ ಬದಲಾಗುತ್ತದೆ. ಗಾಳಿ ಸೋರುವ ಪೈಪು, ಕಸ ಕಟ್ಟಿದ ಇಂಜೆಕ್ಟರು, ದಣಿದ ಪೆಟ್ರೋಲ್ ಪಂಪು ಮಿಶ್ರಣವನ್ನು ತೆಳುಮಾಡಿ ನಿಜವಾದ ನಾಕಿಂಗನ್ನೇ ತರುತ್ತವೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುವುದು ಅಗ್ಗದ ಪರೀಕ್ಷೆ: ಬಿಳಿ ಪಿಂಗಾಣಿಯ ಮೇಲೆ ಸಣ್ಣ ಹೊಳಪಿನ ಕಣಗಳು ಅಂಟಿದ್ದರೆ ಅವು ಪಿಸ್ಟನ್ನಿನಿಂದ ಕಿತ್ತುಬಂದ ಅಲ್ಯೂಮಿನಿಯಂ. ಆಗ ಕಂಪ್ರೆಷನ್ ಮತ್ತು ಲೀಕ್‌ಡೌನ್ ಪರೀಕ್ಷೆ ಮಾಡಿಸಲೇಬೇಕು. ಒಡೆದ ಪಿಸ್ಟನ್ನನ್ನು ಯಾವ ರೀಸೆಟ್ಟೂ ಕೂಡಿಸದು.

ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮಿಸುವ ಟರ್ಬೊ ಎಂಜಿನುಗಳಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಕಿಡಿಗೆ ಮೊದಲೇ ಹೊತ್ತಿಕೊಳ್ಳುವ ಇನ್ನೊಂದು ತೊಂದರೆ ಇದೆ. ಅದರಲ್ಲಿ ಎಂಜಿನ್ ಆಯಿಲ್ಲಿನ ಪಾತ್ರ ದೊಡ್ಡದು. ಆಯಿಲ್ಲಿನ ಎಪಿಐ ಎಸ್‌ಎನ್ ಪ್ಲಸ್, ಎಸ್‌ಪಿ ದರ್ಜೆಗಳು ಬಂದದ್ದರಲ್ಲಿ ಈ ತೊಂದರೆಯ ಪಾಲು ಮುಖ್ಯವಾದದ್ದು. ಕಿಡಿಯನ್ನು ತಡಮಾಡಿ ಇದನ್ನು ತಡೆಯಲಾಗದು, ರೀಸೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ.

ಭಾರತದ ಮಾತು

ಭಾರತದಲ್ಲಿ ಈಗ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನುಗಳು ಸಾಮಾನ್ಯ ಮನೆಗಳ ಕಾರಿನಲ್ಲೂ ಬಂದಿವೆ. ಇಲ್ಲಿ ಮಾರುವ ಬಹುಪಾಲು ಕಾರುಗಳನ್ನು ಸಾಮಾನ್ಯ ಪೆಟ್ರೋಲಿಗೇ ಹೊಂದಿಸಿರುವುದರಿಂದ ಅವುಗಳ ಮಾಲೀಕರು ಆಕ್ಟೇನ್ ಬಗ್ಗೆ ಚಿಂತಿಸಬೇಕಾದುದು ಕಡಿಮೆ. ಹೊರದೇಶದಿಂದ ಬಂದ ಕಾರು, ಟ್ಯೂನ್ ಮಾಡಿಸಿದ ಕಾರು, 95 ಬೇಕೆಂದು ಮುಚ್ಚಳದಲ್ಲೇ ಬರೆದ ಕಾರು ಇದ್ದವರಿಗೆ ಮಾತ್ರ ಮೇಲಿನದೆಲ್ಲ ನೇರವಾಗಿ ಅನ್ವಯಿಸುತ್ತದೆ. ಅಂಥವರಿಗಾಗಿ ಎಕ್ಸ್‌ಪಿ95ರಂಥ ಪೆಟ್ರೋಲ್ ಇದೆ. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ 100 ಆಕ್ಟೇನಿನ ಎಕ್ಸ್‌ಪಿ100 ತಂದಿತು. 91ಕ್ಕೆ ಹೊಂದಿಸಿದ, ನಾಕಿಂಗ್ ಇಲ್ಲದೆ ಓಡುವ ಕಾರಿಗೆ ಇವನ್ನು ಹಾಕಿ ಆಮೇಲೆ ರೀಸೆಟ್ ಮಾಡಿದರೆ ಹೆಚ್ಚು ಶಕ್ತಿ ಬರುತ್ತದೆಂಬ ಮಾತಿಗೆ ಆಧಾರವಿಲ್ಲ. ಕಂಪ್ಯೂಟರು ತನ್ನ ಕೋಷ್ಟಕದಲ್ಲಿ ಬರೆದ ಕೊನೆಯ ಡಿಗ್ರಿಗಿಂತ ಆಚೆ ಹೋಗಲಾರದು.

ಎಥನಾಲಿನ ಬೆರಕೆ ಪ್ರತ್ಯೇಕ ಸಂಗತಿ. ಎಥನಾಲಿನ ಆಕ್ಟೇನ್ ಪೆಟ್ರೋಲಿಗಿಂತ ಬಹಳ ಹೆಚ್ಚು, ಆವಿಯಾಗುವಾಗ ಸಿಲಿಂಡರನ್ನು ತಂಪೂ ಮಾಡುತ್ತದೆ, ಶೇ. 20 ಬೆರಕೆಯಿಂದ ನಾಕಿಂಗ್ ಹೆಚ್ಚುವುದಿಲ್ಲ. ಅದರಲ್ಲಿ ಶಕ್ತಿಯ ಪ್ರಮಾಣ ಕಡಿಮೆಯಾದ್ದರಿಂದ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಕಂಪ್ಯೂಟರು ಮಿಶ್ರಣಕ್ಕೆ ಹೆಚ್ಚು ಇಂಧನ ಸೇರಿಸಿ ಹೊಂದಿಕೊಳ್ಳುತ್ತದೆ. ಹಾಗೆ ಇಳಿದ ಮೈಲೇಜನ್ನು ರೀಸೆಟ್ ಹಿಂದಕ್ಕೆ ತರುವುದಿಲ್ಲ. ಹೊಂದಿಕೊಂಡದ್ದನ್ನು ಅಳಿಸಿ, ಮತ್ತೆ ಅಷ್ಟೇ ಹೊಂದಿಕೊಳ್ಳುವ ಕೆಲಸ ಕೊಡುತ್ತದೆ.

ನಿಮ್ಮ ಕಾರಿನ ಪೆಟ್ರೋಲ್ ಮುಚ್ಚಳವನ್ನು ಒಮ್ಮೆ ತೆರೆದು ಒಳಗಿನ ಚೀಟಿ ಓದಿ. ಅಲ್ಲಿರುವ ಸಂಖ್ಯೆ ಆರ್‌ಒಎನ್ ಲೆಕ್ಕದ್ದೋ ಎಕೆಐ ಲೆಕ್ಕದ್ದೋ, ಅದು ಕಡ್ಡಾಯವೋ ಶಿಫಾರಸೋ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಬ್ಯಾಟರಿಯ ತಂತಿಗೆ ಸ್ಪ್ಯಾನರ್ ಹಾಕುವ ಮೊದಲು ಟ್ಯಾಂಕಿನಲ್ಲಿ ಆ ಸಂಖ್ಯೆಯ ಪೆಟ್ರೋಲ್ ಇರಲಿ.